ಪರದೆಯ ಮೇಲಿರುವುದು ಸುದ್ದಿ ಮಾತ್ರ

ಹಬ್ಬಕ್ಕೆ ಊರಿಗೆ ಹೋಗಲು ರೈಲು ಟಿಕೆಟ್ ಹುಡುಕುವವರಿಗೆಲ್ಲ ಇದು ಗೊತ್ತು: ಪರದೆಯಲ್ಲಿ ಎರಡು ಸೀಟು ಖಾಲಿ ಇರುತ್ತವೆ, ಹೆಸರು, ವಯಸ್ಸು ತುಂಬಿ ಹಣ ಕಟ್ಟುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಬ್ರೌಸರ್ ಸುಳ್ಳು ಹೇಳಲಿಲ್ಲ, ಹಳೆಯ ಸುದ್ದಿ ಹೇಳಿತು. ಸಾಫ್ಟ್‌ವೇರ್‌ನವರು 'ಸ್ಟೇಟ್' ಎನ್ನುವ ಈ ಸದ್ಯದ ಸ್ಥಿತಿಗೆ ಯಜಮಾನ ಯಾರು, ಸರ್ವರ್ ಅಥವಾ ಬ್ರೌಸರ್?

ಲಿಸ್ಪ್ ಕುಟುಂಬದ ಭಾಷೆಗಳಲ್ಲಿ ಇದಕ್ಕೆ ಎರಡು ತುದಿಯ ಉತ್ತರಗಳಿವೆ. ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ 1995ರಲ್ಲಿ ಕಾಮನ್ ಲಿಸ್ಪ್‌ನಲ್ಲಿ ಕಟ್ಟಿದ ವಯಾವೆಬ್‌ನಲ್ಲಿ ಎಲ್ಲವೂ ಸರ್ವರ್‌ನಲ್ಲೇ ಇತ್ತು. ಲಿಂಕ್ ಒತ್ತಿದರೆ ಮುಂದೇನು ಎಂಬುದನ್ನು ಅಲ್ಲೊಂದು ಕ್ಲೋಶರ್ ನೆನಪಿಟ್ಟುಕೊಳ್ಳುತ್ತಿತ್ತು. ಬರೆಯುವವರಿಗೆ ಅನುಕೂಲ, ಆದರೆ ಸರ್ವರ್ ಮರೆತರೆ ಲಿಂಕ್ ಕೆಲಸಕ್ಕೆ ಬಾರದು.

ಇನ್ನೊಂದು ತುದಿ ಕ್ಲೋಜರ್‌ನದು. ರಿಚ್ ಹಿಕಿ ಅದನ್ನು 2007ರಲ್ಲಿ ಹೊರತಂದರು; 2011ರಲ್ಲಿ ಕ್ಲೋಜರ್‌ಸ್ಕ್ರಿಪ್ಟ್ ಬಂದು ಬ್ರೌಸರ್‌ಗೂ ಅದೇ ಭಾಷೆ ಸಿಕ್ಕಿತು. 2013ರಲ್ಲಿ ಡೇವಿಡ್ ನೋಲೆನ್ ಅವರ ಓಮ್, ಆ್ಯಪ್‌ನ ಇಡೀ ಸ್ಥಿತಿಯನ್ನು ಬ್ರೌಸರ್‌ನ ಒಂದೇ 'ಆಟಮ್'ನಲ್ಲಿ ಇಡುವುದನ್ನು ತೋರಿಸಿತು. ಒಳಗಿನ ಡೇಟಾ ಬದಲಾಗದ ಜಾತಿಯದು. ಹಿಂದಿನ ಸ್ಥಿತಿಗೆ ಮರಳುವುದು ಸುಲಭ.

ಇಲ್ಲೇ ಎಡವುವುದು. ಎರಡೂ ಕಡೆ ಒಂದೇ ಭಾಷೆ ಇದ್ದರೆ ನಡುವಿನ ಗೋಡೆ ಕಾಣುವುದಿಲ್ಲ, ಆದರೆ ಗೋಡೆ ಇದ್ದೇ ಇರುತ್ತದೆ. ಆ ಆಟಮ್‌ನಲ್ಲಿ ಎರಡು ಬಗೆಯ ಸರಕು ಕಲೆತಿರುತ್ತದೆ: ತೆರೆದ ಮೆನು, ಅರ್ಧ ಟೈಪಿಸಿದ ವಾಕ್ಯ ಬ್ರೌಸರ್‌ನ ಸ್ವಂತದ್ದು, ಸೀಟು, ಖಾತೆಯ ಹಣ ಸರ್ವರ್‌ನಿಂದ ತಂದ ನಕಲು. ನಕಲನ್ನು ಬೇರೆ ಇಡಬೇಕು, ಅದು ಯಾವ ಆವೃತ್ತಿಯದೆಂದು ಗುರುತು ಹಾಕಬೇಕು.

ದಾರಿ ಭಾಷೆಯೊಳಗೇ ಇದೆ. ಕ್ಲೋಜರ್‌ನ 'ಸ್ವಾಪ್', ತಾನು ಓದಿದ ಮೌಲ್ಯ ಅಷ್ಟರಲ್ಲಿ ಬದಲಾಗಿದ್ದರೆ ಹೊಸದನ್ನು ಓದಿ ಮತ್ತೆ ಲೆಕ್ಕ ಹಾಕುತ್ತದೆ. ಅದೇ ಶಿಸ್ತು ನೆಟ್‌ವರ್ಕ್‌ನ ಆಚೆಗೂ ಬೇಕು: 'ನಾನು ನೋಡಿದ್ದು ಈ ಆವೃತ್ತಿ' ಎಂದು ಬ್ರೌಸರ್ ಹೇಳಲಿ, ಹೊಂದದಿದ್ದರೆ ಸರ್ವರ್ ನಿರಾಕರಿಸಲಿ.

ಅಷ್ಟು ಕಾದರೆ ಆ್ಯಪ್ ನಿಧಾನ ಎನ್ನುವವರಿದ್ದಾರೆ. 'ಲೈಕ್' ಒತ್ತಿದಾಗ ಮೊದಲೇ ತೋರಿಸಿ ಆಮೇಲೆ ತಿದ್ದಿದರೆ ನಷ್ಟವಿಲ್ಲ. ಸೀಟು, ಹಣದ ವಿಷಯದಲ್ಲಿ ಹಾಗೆ ಮಾಡಿದರೆ ಪ್ಲಾಟ್‌ಫಾರ್ಮ್‌ನಲ್ಲಿ ಚೀಲ ಹಿಡಿದು ನಿಲ್ಲುವವರು ನಾವು. ಈಚಿನ ಎಲೆಕ್ಟ್ರಿಕ್ ಕ್ಲೋಜರ್‌ನಲ್ಲಿ ಎರಡು ಕಡೆಯ ಕೋಡನ್ನು ಒಟ್ಟಿಗೆ ಬರೆದರೆ ನಡುವಿನ ಮಾತುಕತೆಯನ್ನು ಕಂಪೈಲರ್ ನೋಡಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ಯಾವುದಕ್ಕೆ ಯಾರು ಯಜಮಾನ ಎಂಬುದನ್ನು ಕಂಪೈಲರ್ ತೀರ್ಮಾನಿಸಲಾರದು. ಅದು ಕೋಡ್ ಬರೆಯುವವರು ಮೊದಲ ದಿನವೇ ಮಾಡಬೇಕಾದ ಕೆಲಸ.