ಸತ್ತ ಕಂಪನಿಗಳ ಬೀಗದ ಕೈ ಯಾರ ಹತ್ತಿರ?

ಜೆರಾಕ್ಸ್ ಮಾಡಿಸಿಕೊಂಡವನು ಕಳ್ಳ. ಅದೇ ಪುಟಗಳನ್ನು ತೂಕಕ್ಕೆ ಹಾಕಿ ಗುಜರಿಗೆ ಕಳಿಸಿದವನು ಸಭ್ಯ. ಹಳೆಯ ರೇಡಿಯೊ, ಟೇಪ್ ರೆಕಾರ್ಡರ್, ಆಸಿಲೋಸ್ಕೋಪುಗಳ ಸರ್ವಿಸ್ ಮ್ಯಾನ್ಯುಯಲ್ ವಿಷಯದಲ್ಲಿ ಇವತ್ತು ನಡೆಯುತ್ತಿರುವ ನ್ಯಾಯ ಇದು. ಕಂಪನಿ ಬಾಗಿಲು ಹಾಕಿ ಮೂವತ್ತು ವರ್ಷವಾಗಿರುತ್ತದೆ. ದುಡ್ಡು ಕೊಡುತ್ತೇನೆಂದರೂ ಮ್ಯಾನ್ಯುಯಲ್ ಎಲ್ಲೂ ಸಿಗುವುದಿಲ್ಲ. ಆದರೂ ಅದರ ಮೊದಲ ಪುಟದಲ್ಲಿ ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂಬ ಸಾಲು ಹಾವಿನ ಹಾಗೆ ಹೆಡೆ ಎತ್ತಿಕೊಂಡು ಕೂತಿರುತ್ತದೆ. ಹುತ್ತದೊಳಗೆ ಹಾವು ಇದೆಯೋ ಇಲ್ಲವೋ ಬಗ್ಗಿ ನೋಡಿದವರಿಲ್ಲ. ಹೆದರಿ ಕೈಕಟ್ಟಿ ಕೂತವರೇ ಎಲ್ಲ.

ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಚೋರ್ ಬಜಾರಿನಲ್ಲಿ ಧೂಳು ಹಿಡಿದ ವಾಲ್ವ್ ರೇಡಿಯೊ ಕೊಂಡು, ಸೋಮವಾರ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ಕಂಡೆನ್ಸರ್ ಹುಡುಕುವ ಕನ್ನಡದ ಹುಡುಗರು ಈ ಬೆಂಗಳೂರಿನಲ್ಲಿ ಇದ್ದಾರೆ. ಅವರನ್ನು ಹುಚ್ಚರು ಅನ್ನುವವರೂ ಇದ್ದಾರೆ. ಅನ್ನಲಿ! ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಹೂಡಿದ್ದೂ ಇಂಥ ಹುಚ್ಚಿನಿಂದಲೇ. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. ಇವತ್ತಿನ ಈ ಮಾತು ಆ ಹುಚ್ಚರಿಗಾಗಿ.

ಮ್ಯಾನ್ಯುಯಲ್ ಇಲ್ಲದೆ ರಿಪೇರಿ ಆಗುವುದಿಲ್ಲವೇ ಎಂದು ಕೇಳುತ್ತೀರಿ. ಆಗುತ್ತದೆ, ಅರ್ಧಂಬರ್ಧ. ಸುಟ್ಟು ಕರಕಲಾದ ರೆಸಿಸ್ಟರ್ ಮೇಲೆ ಬಣ್ಣದ ಪಟ್ಟಿ ಕಾಣುವುದಿಲ್ಲ. ಅದರ ಬೆಲೆ ಎಷ್ಟು ಓಮ್ ಎಂದು ಹೇಳುವುದು ನಕ್ಷೆ ಒಂದೇ. ಒಂದು ಸೆಟ್ಟಿನ ಐ.ಎಫ್. ಕಾಯಿಲನ್ನು 455 ಕಿಲೋಹರ್ಟ್ಜ್‌ಗೆ ಕೂರಿಸಬೇಕು, ಇನ್ನೊಂದನ್ನು 470ಕ್ಕೆ. ಊಹೆಯ ಮೇಲೆ ತಿರುಪು ತಿರುಗಿಸಿದರೆ ಇದ್ದ ಸ್ಟೇಷನ್ನೂ ಹೋಗುತ್ತದೆ. ಇದಕ್ಕಿಂತ ದೊಡ್ಡ ಮಾತು ಪ್ರಾಣದ್ದು. ಯುಸಿಎಚ್, ಯುಎಲ್, ಯುವೈ ಎಂದು ಹೆಸರು ಶುರುವಾಗುವ ವಾಲ್ವ್‌ಗಳಿರುವ ಸೆಟ್ಟುಗಳಲ್ಲಿ ಕರೆಂಟನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಇರುವುದಿಲ್ಲ. ಒಳಗಿನ ಲೋಹದ ಚಾಸಿ ಮನೆಯ ಕರೆಂಟಿನ ಒಂದು ತಂತಿಗೆ ನೇರವಾಗಿ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗು ತಿರುವುಮುರುವಾಯಿತೋ, 230 ವೋಲ್ಟ್ ಚಾಸಿಯ ಮೇಲೆ ಕಾಯುತ್ತಿರುತ್ತದೆ. ಇದನ್ನು ಎಚ್ಚರಿಸುವ ಎರಡು ಸಾಲು ಇರುವುದು ಮ್ಯಾನ್ಯುಯಲ್‌ನಲ್ಲಿ. ಅದೂ ಇಂಗ್ಲಿಷಿನಲ್ಲಿ.

ಇನ್ನು ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಎಂಬ ಶಾಪ ಬೇರೆ. ಹತ್ತು ಕೈ ದಾಟಿ ಬಂದ ಹಾಳೆಯಲ್ಲಿ 4.7 ಕಿಲೋ ಓಮ್‌ನ ಚುಕ್ಕೆ ಅಳಿಸಿ 47 ಆಗುತ್ತದೆ. ಹತ್ತು ಪಟ್ಟು ತಪ್ಪು! ಯುರೋಪಿನವರು ಇದಕ್ಕೆಂದೇ 4ಕೆ7 ಎಂದು ಬರೆಯುವ ಕ್ರಮ ರೂಢಿಸಿಕೊಂಡರು. ಚುಕ್ಕೆ ಅಳಿದರೂ ಅಕ್ಷರ ಉಳಿಯಲಿ ಎಂದು. ಮೂಲ ಪ್ರತಿ ಒಮ್ಮೆ ಚೆನ್ನಾಗಿ ಸ್ಕ್ಯಾನ್ ಆಗಿ ಸಾರ್ವಜನಿಕ ಜಾಗದಲ್ಲಿ ಕೂತರೆ ಈ ಗೋಳು ಇರುವುದಿಲ್ಲ. ಕೂರಿಸುವವರು ಯಾರು? ಅಲ್ಲಿಗೆ ಕಾನೂನು ಬಂತು.

ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಕಣ್ಣಿನಲ್ಲಿ ಮ್ಯಾನ್ಯುಯಲ್‌ನ ಮಾತು ‘ಸಾಹಿತ್ಯ ಕೃತಿ’, ಅದರ ಸರ್ಕ್ಯೂಟ್ ನಕ್ಷೆ ‘ಕಲಾಕೃತಿ’. ನಗಬೇಡಿ, ಹಾಗೇ ಬರೆದಿದೆ. ರವೀಂದ್ರನಾಥ ಠಾಕೂರರು ತೀರಿಕೊಂಡು 50 ವರ್ಷ ತುಂಬಿ, ವಿಶ್ವಭಾರತಿಯ ಕೈಯಿಂದ ಅವರ ಕೃತಿಗಳ ಹಕ್ಕು ಜಾರುವ ಹೊತ್ತಿಗೆ ಸರ್ಕಾರ ಎಚ್ಚೆತ್ತು 1992ರ ತಿದ್ದುಪಡಿಯಲ್ಲಿ ಅವಧಿಯನ್ನು 60 ವರ್ಷಕ್ಕೆ ಏರಿಸಿತು. ಕವಿಗೆ ಹೊಲಿದ ಅಂಗಿಯನ್ನು ರೇಡಿಯೊ ಮ್ಯಾನ್ಯುಯಲ್‌ಗೂ ತೊಡಿಸಿದ್ದಾಯಿತು.

ಈಗ ಲೆಕ್ಕ ಹಾಕಿ. ಬರೆದವನ ಹೆಸರಿಲ್ಲದೆ ಹೊರಬಂದ ಕೃತಿಗೆ, ಮ್ಯಾನ್ಯುಯಲ್‌ಗಳು ಬಹುಪಾಲು ಹಾಗೇ ಬಂದವು, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1960ರಲ್ಲಿ ಅಚ್ಚಾದ ಮ್ಯಾನ್ಯುಯಲ್ 2020ರ ಕೊನೆಗೇ ಬಿಡುಗಡೆಯಾಗಿದೆ. ವಾಲ್ವ್ ಕಾಲದ ಎಷ್ಟೋ ಮ್ಯಾನ್ಯುಯಲ್‌ಗಳನ್ನು ಇವತ್ತು ಯಾರು ಬೇಕಾದರೂ ಅಚ್ಚು ಹಾಕಬಹುದು. ಹೆದರಿಕೆ ಮಾತ್ರ ಬಿಡುಗಡೆಯಾಗಿಲ್ಲ. ಆದರೆ 1982ರ ಏಷ್ಯಾಡ್ ಹೊತ್ತಿಗೆ ಬಂದ ಕಲರ್ ಟಿವಿಯ ಮ್ಯಾನ್ಯುಯಲ್? ಅದು 2042ರ ಕೊನೆಯವರೆಗೆ ಬಂದಿ. ಅಷ್ಟು ಹೊತ್ತಿಗೆ ಆ ಕಾಗದ ಗೆದ್ದಲಿನ ಹೊಟ್ಟೆಯಲ್ಲಿ ಜೀರ್ಣವಾಗಿರುತ್ತದೆ.

ಹಾಗಾದರೆ ಅನುಮತಿ ಕೇಳೋಣ ಎಂದರೆ ಕೇಳುವುದು ಯಾರನ್ನು? ಹ್ಯೂಲೆಟ್ ಪ್ಯಾಕರ್ಡ್ ಅಂದರೆ ಅಳತೆಯ ಉಪಕರಣಗಳಲ್ಲಿ ದೊಡ್ಡ ಹೆಸರು. ಆ ವಿಭಾಗ 1999ರಲ್ಲಿ ಅಜಿಲೆಂಟ್ ಆಯಿತು, 2014ರಲ್ಲಿ ಕೀಸೈಟ್ ಆಯಿತು. ಇದು ಜಾಡು ಸಿಗುವ ಪುಣ್ಯವಂತರ ಕಥೆ. ಮಗುವಿನ ಚಿತ್ರದ ಮರ್ಫಿ ಎಲ್ಲರಿಗೂ ನೆನಪಿದೆ. ಅದರ ನಕ್ಷೆಗಳ ವಾರಸುದಾರ ಯಾರೆಂದು ನಿಮ್ಮ ಬೀದಿಯ ರಿಪೇರಿಯವನು ಯಾವ ಬಾಗಿಲು ತಟ್ಟಿ ಕೇಳಬೇಕು?

ಜಾಡು ಸಿಕ್ಕ ಕಡೆಯ ಕಥೆಯೂ ಕೇಳಿ. ಆಸ್ಟ್ರೇಲಿಯಾದ ಒಬ್ಬ ಯುವಕ ಲ್ಯಾಪ್‌ಟಾಪುಗಳ ಸರ್ವಿಸ್ ಮ್ಯಾನ್ಯುಯಲ್ ಕೂಡಿಸಿ ಎಲ್ಲರಿಗೂ ಪುಕ್ಕಟೆ ಹಂಚುತ್ತಿದ್ದ. 2012ರಲ್ಲಿ ತೋಷಿಬಾ ಕಂಪನಿಯ ವಕೀಲರ ಕಾಗದ ಬಂತು. ಆತ ತೋಷಿಬಾದ ಮ್ಯಾನ್ಯುಯಲ್‌ಗಳನ್ನೆಲ್ಲ ಕಿತ್ತುಹಾಕಬೇಕಾಯಿತು. 2020ರಲ್ಲಿ ಅದೇ ತೋಷಿಬಾ ಲ್ಯಾಪ್‌ಟಾಪ್ ವ್ಯಾಪಾರದಿಂದಲೇ ಪೂರ್ತಿ ಕೈತೊಳೆದುಕೊಂಡಿತು. ತಾನೂ ತಿನ್ನಲಿಲ್ಲ, ಪರರಿಗೂ ಬಿಡಲಿಲ್ಲ! ಇದಕ್ಕೆ ಎದುರಾಗಿ, 2015ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹಳೆಯ ಮ್ಯಾನ್ಯುಯಲ್ ಮಾರುವ ಗೋದಾಮೊಂದು ಖಾಲಿಯಾಗುವಾಗ, ಇಂಟರ್‌ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಒಂದಷ್ಟು ಜನರನ್ನು ಕಟ್ಟಿಕೊಂಡು ಹೋಗಿ ಸಾವಿರಾರು ಮ್ಯಾನ್ಯುಯಲ್‌ಗಳನ್ನು ಪೆಟ್ಟಿಗೆಗೆ ತುಂಬಿ ಉಳಿಸಿದರು. ಕೆಲವು ದಿನ ತಡವಾಗಿದ್ದರೆ ಎಲ್ಲವೂ ಕಸದ ಲಾರಿಗೆ ಹೋಗುತ್ತಿದ್ದವು.

ನಮ್ಮಲ್ಲಿ ಅಂಥ ಕೆಲಸಕ್ಕೆ ಕಾನೂನು ಅಡ್ಡ ಬರುತ್ತದೆಯೇ? ಕಾಯಿದೆಯ 52ನೇ ಕಲಂ ತೆಗೆದು ಓದಿ, ಗೆಳೆಯರೇ. ಸ್ವಂತ ಬಳಕೆಗೆ, ಸಂಶೋಧನೆಗೆ ನ್ಯಾಯವಾದ ರೀತಿಯಲ್ಲಿ ನಕಲು ಮಾಡಿಕೊಂಡರೆ ಉಲ್ಲಂಘನೆಯಲ್ಲ. ನಿಮ್ಮ ಸೆಟ್ಟಿಗೆ ಬೇಕಾದ ಹಾಳೆಯನ್ನು ನೀವು ಜೆರಾಕ್ಸ್ ಮಾಡಿಸಿದರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕ, ನಕ್ಷೆಗಳನ್ನು ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಉಪಯೋಗಕ್ಕೆ ಮೂರು ಪ್ರತಿಯವರೆಗೆ ಮಾಡಿಕೊಳ್ಳಬಹುದು. ತನ್ನಲ್ಲಿ ಕಾಗದದ ಪ್ರತಿ ಇದ್ದರೆ ಕಾಪಾಡುವುದಕ್ಕಾಗಿ ಕಂಪ್ಯೂಟರಿಗೆ ಏರಿಸಿಡಬಹುದು ಎಂದು 2012ರ ತಿದ್ದುಪಡಿ ಸೇರಿಸಿತು. ಬೀಗದ ಕೈ ಗ್ರಂಥಾಲಯದ ಮೇಜಿನ ಮೇಲೇ ಇದೆ! ಬೆಂಗಳೂರಿನ ಮನೆಮಾಲೀಕರು ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತಾರೆ. ಆ ದುಡ್ಡಿನಲ್ಲಿ ಒಂದು ಕಪಾಟು ಮ್ಯಾನ್ಯುಯಲ್‌ಗೆ, ಒಂದು ಸ್ಕ್ಯಾನರ್ ಅದರ ಪಕ್ಕಕ್ಕೆ ಕೇಳಿದರೆ ಅದು ಭಿಕ್ಷೆಯಲ್ಲ.

ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ದೊರೆ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರಲ್ಲಿ ದೆಹಲಿ ಹೈಕೋರ್ಟು ಅಂಗಡಿಯ ಪರವಾಗಿ ನಿಂತಿತು. ಕಾಪಿರೈಟ್ ದೈವದತ್ತ ಹಕ್ಕೇನೂ ಅಲ್ಲ ಎಂದಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಅದು ಪಾಠಕ್ಕಾಗಿ ಮಾಡಿದ ನಕಲಿನ ಮಾತು. ಎಲ್ಲ ನಕಲಿಗೂ ಪರವಾನಗಿ ಅಂದುಕೊಳ್ಳಬೇಡಿ.

ಇಲ್ಲಿ ನಾವು ಖಡಾಖಂಡಿತ. ಇನ್ನೂ ಹಕ್ಕಿರುವ, ಪ್ರಕಾಶಕ ಇನ್ನೂ ಮಾರುತ್ತಿರುವ ಮ್ಯಾನ್ಯುಯಲನ್ನು ಕಟ್ಟು ಕಟ್ಟಿ ಮಾರಿ ಲಾಭ ಹೊಡೆಯುವವನ ಪರವಾಗಿ ಈ ಪತ್ರಿಕೆ ಒಂದು ಸಾಲನ್ನೂ ಬರೆಯುವುದಿಲ್ಲ. ಬದುಕಿರುವ ಕನ್ನಡ ಲೇಖಕನ ಕಾದಂಬರಿಯ ಪಿಡಿಎಫ್ ಅನ್ನು ವಾಟ್ಸಾಪಿನಲ್ಲಿ ತೇಲಿಬಿಟ್ಟು ‘ಕನ್ನಡ ಸೇವೆ’ ಎಂದು ಬೀಗುವವರಿಗೂ ಇದೇ ಮಾತು. ಅದು ಅನ್ನಕ್ಕೆ ಕೈ ಹಾಕುವುದು. 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ. ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ಇದು ಎಂದು 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇನ್ನೊಂದು ಜಾತಿಯವರಿದ್ದಾರೆ: ಯಾರದೋ ಹಳೆಯ ಮ್ಯಾನ್ಯುಯಲ್ ಸ್ಕ್ಯಾನ್ ಮಾಡಿ, ಪ್ರತಿ ಪುಟದ ಮೇಲೂ ತಮ್ಮ ಹೆಸರು ಬಳಿದು, ‘ಹಕ್ಕು ನಮ್ಮದು’ ಅನ್ನುವವರು. ಬರೀ ಯಂತ್ರದ ನಕಲಿಗೆ ಹೊಸ ಹಕ್ಕು ಹುಟ್ಟುವುದಿಲ್ಲ ಸ್ವಾಮಿ!

ಈಗ ಕನ್ನಡದ ಮಾತಿಗೆ ಬರೋಣ. ನಮ್ಮ ಊರುಗಳ ರೇಡಿಯೊ ರಿಪೇರಿ ಬೆಳೆದದ್ದು ಬಾಯಿಂದ ಬಾಯಿಗೆ. ಗುರು ಕನ್ನಡದಲ್ಲಿ ಹೇಳಿದ, ಶಿಷ್ಯ ಕನ್ನಡದಲ್ಲಿ ಕೇಳಿದ. ‘ಹಮ್ಮು ಹೊಡೀತಿದೆ, ಫಿಲ್ಟರ್ ಕಂಡೆನ್ಸರ್ ನೋಡು’ ಎಂಬ ಒಂದು ಮಾತಿನಲ್ಲಿ ಒಂದು ಅಧ್ಯಾಯದ ವಿದ್ಯೆ ಇದೆ. ಆದರೆ ಕಾಗದದ ಮೇಲೆ? ಶೂನ್ಯ. ಆ ಗುರುಗಳು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದಾರೆ. ಇಂಗ್ಲಿಷ್ ಮ್ಯಾನ್ಯುಯಲ್ ಉಳಿಸಿದರೆ ಅರ್ಧ ಕೆಲಸ ಮಾತ್ರ ಆಯಿತು.

ಉಳಿದರ್ಧಕ್ಕೆ ದಾರಿ ಎರಡು. ಒಂದು ಅನುವಾದ. 32ನೇ ಕಲಮಿನ ಪ್ರಕಾರ, ವಿದೇಶಿ ಕೃತಿಯೊಂದು ಪಾಠಕ್ಕೆ, ಸಂಶೋಧನೆಗೆ ಬೇಕಾಗಿದ್ದು ನಮ್ಮ ಭಾಷೆಯಲ್ಲಿ ಬಂದಿಲ್ಲವೆಂದರೆ, ಪ್ರಕಟವಾದ ಮೂರು ವರ್ಷದ ಮೇಲೆ ಅನುವಾದಕ್ಕೆ ಕಡ್ಡಾಯ ಪರವಾನಗಿ ಕೇಳಬಹುದು. ಮುಂದುವರಿದ ದೇಶಗಳಲ್ಲಿ ಸಾಮಾನ್ಯ ಬಳಕೆಯಲ್ಲಿಲ್ಲದ ಭಾಷೆಯಾದರೆ ಒಂದೇ ವರ್ಷ ಸಾಕು. ಹಕ್ಕುದಾರನಿಗೆ ಗೌರವಧನ ಕಟ್ಟಬೇಕು, ಅಷ್ಟೆ. ನ್ಯೂಜೆರ್ಸಿಯ ನಮ್ಮ ಬಂಧುಗಳು ಬೇಸರಪಟ್ಟುಕೊಳ್ಳಬಾರದು, ಕಾಯಿದೆಯ ಲೆಕ್ಕದಲ್ಲಿ ಕನ್ನಡ ಅಂಥ ಭಾಷೆ. ಒಮ್ಮೆಯಾದರೂ ಈ ಉಪೇಕ್ಷೆ ನಮ್ಮ ಉಪಯೋಗಕ್ಕೆ ಬಂತಲ್ಲ! ಸರ್ಕಾರವೇ ಕಟ್ಟಿದ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇರುವುದೇ ಅನುವಾದಕ್ಕೆ. ಕಥೆ, ಕವಿತೆ, ತತ್ವಶಾಸ್ತ್ರದ ಪಕ್ಕದಲ್ಲಿ ಒಂದು ರೇಡಿಯೊ ರಿಪೇರಿ ಪುಸ್ತಕ ಬಂದರೆ ಸರಸ್ವತಿಗೆ ಮೈಲಿಗೆ ಆಗುವುದಿಲ್ಲ.

ಎರಡನೆಯ ದಾರಿ ಇನ್ನೂ ಒಳ್ಳೆಯದು. ಕಾಪಿರೈಟ್ ಕಾಯುವುದು ಬರೆದ ಮಾತನ್ನು, ಎಳೆದ ಗೆರೆಯನ್ನು. ಅದರೊಳಗಿನ ವಿಷಯಕ್ಕೆ, ಕಲ್ಪನೆಗೆ ಯಾರೂ ಬೇಲಿ ಹಾಕುವಂತಿಲ್ಲ ಎಂದು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಅಮೆರಿಕದ ಇಂಡಿಯಾನಾಪೊಲಿಸ್‌ನ ಹೊವರ್ಡ್ ಸ್ಯಾಮ್ಸ್ ಕಂಪನಿ 1946ರಿಂದ ಮಾಡಿದ್ದೇ ಇದು: ಮಾರುಕಟ್ಟೆಯ ರೇಡಿಯೊ ತರುವುದು, ಬಿಚ್ಚುವುದು, ಫೋಟೊ ತೆಗೆಯುವುದು, ಪ್ರತಿ ವಾಲ್ವಿನ ವೋಲ್ಟೇಜ್ ಅಳೆಯುವುದು, ತನ್ನದೇ ನಕ್ಷೆ ಎಳೆಯುವುದು. ‘ಫೋಟೋಫ್ಯಾಕ್ಟ್’ ಎಂಬ ಆ ಹಾಳೆಗಳು ಆ ದೇಶದ ಮೆಕ್ಯಾನಿಕ್‌ಗಳ ಪಂಚಾಂಗವಾದವು. ಕೈಯಲ್ಲಿ ಮೀಟರ್, ಜೇಬಿನಲ್ಲಿ ಮೊಬೈಲ್ ಕ್ಯಾಮೆರಾ ಇರುವ ನಮ್ಮ ಹುಡುಗರಿಗೆ ಇದು ಆಗದೇ? ಒಂದು ಗುಂಪು ತಿಂಗಳಿಗೊಂದು ಸೆಟ್ಟು ಬಿಚ್ಚಿ, ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕೂರಿಸಿಕೊಂಡು ತಿದ್ದಿಸಿದರೆ, ಅದರ ಹಕ್ಕು ನಿಮ್ಮದು, ಬಿಟ್ಟುಕೊಡುವುದೂ ನಿಮ್ಮದೇ.

ಕೊನೆಗೆ ನಮ್ಮ ಮನೆಯ ಕಪಾಟಿನ ಮಾತು. ಬೆಂಗಳೂರಿನಲ್ಲಿ 1948ರಲ್ಲಿ ಐ.ಟಿ.ಐ. ಬಂತು, 1954ರಲ್ಲಿ ಬಿ.ಇ.ಎಲ್. ಬಂತು. ಬಿ.ಇ.ಎಲ್. 1960ರ ದಶಕದಲ್ಲಿ ವಾಲ್ವ್ ಮಾಡಿತು, ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡಿತು, ಆಕಾಶವಾಣಿಗೆ ಟ್ರಾನ್ಸ್‌ಮಿಟರ್ ಮಾಡಿತು. ದೇಶದ ಎಷ್ಟೋ ಟ್ರಾನ್ಸಿಸ್ಟರ್ ರೇಡಿಯೊಗಳ ಹೊಟ್ಟೆಯಲ್ಲಿ ಜಾಲಹಳ್ಳಿಯ ಎಸಿ 128 ಇದೆ. ಇವು ಸರ್ಕಾರಿ ಉದ್ದಿಮೆಗಳು. ಇವುಗಳ ಪುಸ್ತಕಗಳ ಮೇಲೂ 60 ವರ್ಷದ ಬೀಗವಿದೆ, ಆದರೆ ಅದರ ಒಡೆಯ ಸರ್ಕಾರಿ ಉದ್ದಿಮೆ ತಾನೇ. ‘ಯಾರು ಬೇಕಾದರೂ ನಕಲು ಮಾಡಿಕೊಳ್ಳಿ’ ಎಂದು ಒಂದು ಸುತ್ತೋಲೆ ಹೊರಡಿಸಿದರೆ ಮುಗಿಯಿತು. ಸೈನ್ಯದ ಉಪಕರಣಗಳ ಗುಟ್ಟನ್ನು ನಾವು ಕೇಳುತ್ತಿಲ್ಲ. ರೇಡಿಯೊ ವಾಲ್ವಿನ ಮಾಹಿತಿ ಪುಸ್ತಕ, ಹಳೆಯ ಟೆಲಿಫೋನಿನ ನಕ್ಷೆ, ಅಷ್ಟು ಕೊಡಲಿ.

ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಅದರ 9ನೇ ಕಲಂ ಓದಿಕೊಂಡು ಹೋಗಿ: ಕಾಪಿರೈಟ್ ನೆಪ ಹೇಳಿ ಅರ್ಜಿ ತಳ್ಳಬೇಕಾದರೆ ಆ ಹಕ್ಕು ಪ್ರಭುತ್ವದ್ದಲ್ಲದೆ ಬೇರೆಯವರದ್ದಾಗಿರಬೇಕು. ತನ್ನದೇ ಹಕ್ಕನ್ನು ಅಡ್ಡ ಹಿಡಿಯುವ ಸರ್ಕಾರಿ ಉದ್ದಿಮೆಯ ಜೊತೆ ವಾದ ಮಾಡಲು ಇಷ್ಟು ಸಾಕು. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಯಾವ ಪುಸ್ತಕ, ಯಾವ ವರ್ಷದ್ದು, ಯಾವ ಮಾದರಿಯದು ಎಂದು ಖಚಿತವಾಗಿ ಬರೆಯಿರಿ. ಅರ್ಜಿ ತಲುಪಿದ ಮೂವತ್ತು ದಿನದೊಳಗೆ ಉತ್ತರ ಬರಬೇಕು. ಅರ್ಜಿ ಕನ್ನಡದಲ್ಲೇ ಇರಲಿ; ಆಯಾ ಪ್ರದೇಶದ ರಾಜ್ಯಭಾಷೆಯಲ್ಲಿ ಬರೆದ ಅರ್ಜಿಯನ್ನು ಪಡೆಯಬೇಕೆಂದು ಅದೇ ಕಾಯಿದೆಯ 6ನೇ ಕಲಂ ಹೇಳುತ್ತದೆ.