ಜಾಮೀನಿನ ಅಳತೆಗೋಲು ಎಲ್ಲರಿಗೂ ಒಂದೇ ಇರಲಿ

2024ರ ಅಕ್ಟೋಬರ್‌ನಲ್ಲಿ ವಿಜಯಪುರ ನಗರದಲ್ಲೊಂದು ಸನ್ಮಾನ ನಡೆಯಿತು. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಪ್ರಕರಣದ ಇಬ್ಬರು ಆರೋಪಿಗಳು ಜಾಮೀನು ಪಡೆದು ಊರಿಗೆ ಮರಳಿದಾಗ ಕೆಲವರು ಅವರಿಗೆ ಹಾರ ಹಾಕಿ, ಶಾಲು ಹೊದಿಸಿ ಗೌರವಿಸಿದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆಯೇ ಗುಂಡೇಟಿಗೆ ಬಲಿಯಾದ ಓರ್ವ ಮಹಿಳೆಯ ಕೊಲೆಯ ವಿಚಾರಣೆ ಇನ್ನೂ ಮುಗಿಯದಿರುವಾಗ ಈ ಸನ್ಮಾನ ಏತಕ್ಕಾಗಿ? ಜಾಮೀನು ಖುಲಾಸೆಯಲ್ಲ. ನ್ಯಾಯಾಲಯ ನಿರ್ದೋಷಿ ಎಂದು ಘೋಷಿಸುವ ಮೊದಲೇ ಹಾರ ಹಾಕುವುದು ಎಷ್ಟು ತಪ್ಪೋ, ದೋಷಿ ಎಂದು ತೀರ್ಪು ಬರುವ ಮೊದಲೇ ಭಯೋತ್ಪಾದಕನೆಂಬ ಹಣೆಪಟ್ಟಿ ಹಚ್ಚುವುದೂ ಅಷ್ಟೇ ತಪ್ಪು.

ಆದರೆ ಆ ಹಾರದ ಮೇಲಿನ ಸಿಟ್ಟನ್ನು ಜಾಮೀನಿನ ಮೇಲೆ ತಿರುಗಿಸುವುದು ಸರಿಯಲ್ಲ. ಆರು ವರ್ಷಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರೂ ವಿಚಾರಣೆ ಮುಗಿದಿಲ್ಲ ಎಂಬ ಕಾರಣಕ್ಕೆ, ಸಂಘಟಿತ ಅಪರಾಧ ತಡೆಯುವ ಕಠಿಣ ಕಾಯ್ದೆಯಡಿ ಆರೋಪ ಹೊತ್ತಿದ್ದ ಅವರಿಗೆ ಜಾಮೀನು ಸಿಕ್ಕಿತು. ಶಿಕ್ಷೆ ವಿಧಿಸದೆಯೇ ಒಬ್ಬ ಮನುಷ್ಯನನ್ನು ಅನಿರ್ದಿಷ್ಟ ಕಾಲ ಕೂಡಿಹಾಕುವ ಅಧಿಕಾರ ಪ್ರಭುತ್ವಕ್ಕೆ ಇಲ್ಲ. ಇದು ಪ್ರಜಾಪ್ರಭುತ್ವದ ಮೂಲ ಪಾಠ. ಈ ತತ್ವವನ್ನು ನಾವು ಒಪ್ಪಲೇಬೇಕು. ನಮಗೆ ಇಷ್ಟವಿಲ್ಲದವರಿಗೂ ಅದು ಅನ್ವಯವಾದಾಗಲೇ ನಮ್ಮ ಒಪ್ಪಿಗೆಯ ಪ್ರಾಮಾಣಿಕತೆ ಸಾಬೀತಾಗುವುದು. ನಮ್ಮ ಪ್ರಶ್ನೆ ಬೇರೆಯೇ ಇದೆ. ಇದೇ ಅಳತೆಗೋಲು ಎಲ್ಲರಿಗೂ ಸಿಗುತ್ತಿದೆಯೇ?

ನೆರೆಯ ಕಲಬುರಗಿಯನ್ನೇ ನೋಡಿ. 1993ರ ಡಿಸೆಂಬರ್‌ನ ರೈಲು ಸ್ಫೋಟಗಳ ಪ್ರಕರಣದಲ್ಲಿ ಅಲ್ಲಿನ ಫಾರ್ಮಸಿ ವಿದ್ಯಾರ್ಥಿಯೊಬ್ಬರನ್ನು 1994ರ ಜನವರಿಯಲ್ಲಿ ಪೊಲೀಸರು ಕರೆದೊಯ್ದರು. ಸುಪ್ರೀಂ ಕೋರ್ಟ್ ಅವರನ್ನು ಖುಲಾಸೆಗೊಳಿಸಿದ್ದು 2016ರ ಮೇ ತಿಂಗಳಲ್ಲಿ. ಸುಮಾರು ಇಪ್ಪತ್ತರ ಹರೆಯದಲ್ಲಿ ಒಳಗೆ ಹೋದವರು ಹೊರಬರುವಾಗ ನಲವತ್ತು ದಾಟಿತ್ತು. ಅವರ ವಿರುದ್ಧ ಬಳಸಲಾದ ಟಾಡಾ ಕಾಯ್ದೆಯು 1995ರಲ್ಲಿಯೇ ರದ್ದಿಯ ಬುಟ್ಟಿ ಸೇರಿತ್ತು. ಕಾಯ್ದೆ ಸತ್ತು ಎರಡು ದಶಕ ಕಳೆದರೂ ಅದರ ಕೈದಿ ಮಾತ್ರ ಬಿಡುಗಡೆಯಾಗಿರಲಿಲ್ಲ! ಕಳೆದುಹೋದ ಆ ಯೌವನವನ್ನು ಯಾವ ನ್ಯಾಯಾಲಯ ಮರಳಿಸೀತು?

ಟಾಡಾದ ಬಳಿಕ 2002ರಲ್ಲಿ ಪೋಟಾ ಬಂತು. 2004ರಲ್ಲಿ ಅದನ್ನು ರದ್ದುಪಡಿಸಲಾಯಿತು. ಆದರೆ ಅದರ ಹಲವು ಅಂಶಗಳನ್ನು 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎಯ ಒಳಗೆ ಸೇರಿಸಲಾಯಿತು. 2008ರ ಮುಂಬೈ ದಾಳಿಯ ಬೆನ್ನಿಗೆ ಬಂದ ತಿದ್ದುಪಡಿಯು ಆರೋಪಪಟ್ಟಿ ಇಲ್ಲದೆಯೇ 180 ದಿನಗಳವರೆಗೆ ಬಂಧನದಲ್ಲಿಡಲು ಅವಕಾಶ ನೀಡಿತು. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನನ್ನೇ ನಿರಾಕರಿಸಬೇಕೆಂದಿತು. 2019ರ ತಿದ್ದುಪಡಿಯ ನಂತರ ಸಂಘಟನೆಗಳನ್ನು ಮಾತ್ರವಲ್ಲ, ವ್ಯಕ್ತಿಯನ್ನೂ ಸರಕಾರವೇ ಭಯೋತ್ಪಾದಕನೆಂದು ಘೋಷಿಸಬಹುದು. ಹೀಗೆ ಕಾಯ್ದೆಯ ಹೆಸರು ಬದಲಾಗುತ್ತಾ ಬಂತು, ವಿಚಾರಣಾಧೀನ ಕೈದಿಯ ಪಾಡು ಬದಲಾಗಲಿಲ್ಲ.

ಹಾಗಾದರೆ ದೇಶದ ಭದ್ರತೆ ಮುಖ್ಯವಲ್ಲವೇ? ಖಂಡಿತ ಮುಖ್ಯ. 2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೇಲೆ ನಡೆದ ದಾಳಿ, 2008ರ ಬೆಂಗಳೂರು ಸರಣಿ ಸ್ಫೋಟ, 2024ರ ಮಾರ್ಚ್‌ನಲ್ಲಿ ರಾಮೇಶ್ವರಂ ಕೆಫೆಯಲ್ಲಿ ಸಿಡಿದ ಬಾಂಬ್, ಇವುಗಳಲ್ಲಿ ಯಾವುದನ್ನೂ ಯಾವ ನೆಪದಿಂದಲೂ ಸಮರ್ಥಿಸಲಾಗದು. ಬಾಂಬಿಗೆ ಜಾತಿ-ಧರ್ಮ ಗೊತ್ತಿಲ್ಲ. ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ ಸಾಯುವವರಲ್ಲಿ ನಾವೂ ಇದ್ದೇವೆ. ನಮ್ಮ ಮಕ್ಕಳಿಗೂ ಈ ದೇಶ ಸುರಕ್ಷಿತವಾಗಿರಬೇಕು. ಆದ್ದರಿಂದಲೇ ಹೇಳುತ್ತೇವೆ: ಒಬ್ಬ ನಿರಪರಾಧಿ ಜೈಲಿನಲ್ಲಿರುವಷ್ಟು ಕಾಲವೂ ನಿಜವಾದ ಅಪರಾಧಿ ಹೊರಗಿರುತ್ತಾನೆ. ಕಲಬುರಗಿಯ ಆ ವಿದ್ಯಾರ್ಥಿಯ ಬಂಧನದಿಂದ ದೇಶದ ಭದ್ರತೆ ಯಾವ ರೀತಿಯಲ್ಲಿ ಬಲಗೊಂಡಿತು?

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. 2012ರ ಜನವರಿ 1ರಂದು ಸಿಂದಗಿಯ ತಹಶೀಲ್ದಾರ್ ಕಚೇರಿಯ ಮುಂದೆ ಪಾಕಿಸ್ತಾನದ ಧ್ವಜ ಹಾರಿತು. ಪ್ರತಿಭಟನೆ ನಡೆಯಿತು, ಬಸ್ಸುಗಳಿಗೆ ಕಲ್ಲು ಬಿತ್ತು. ಸಂಶಯದ ಬೆರಳು ಯಾರ ಕಡೆ ತಿರುಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪೊಲೀಸರು ಕೆಲವೇ ದಿನಗಳಲ್ಲಿ ಆರು ಮಂದಿಯನ್ನು ಬಂಧಿಸಿದರು. ಅವರು ಮುಸ್ಲಿಮರಾಗಿರಲಿಲ್ಲ. ಕೋಮು ಉದ್ವಿಗ್ನತೆ ಸೃಷ್ಟಿಸಲು ಈ ಕೃತ್ಯ ನಡೆದಿದೆ ಎಂಬುದು ಪೊಲೀಸರ ಆರೋಪವಾಗಿತ್ತು. ಅಂದು ತನಿಖೆ ಗದ್ದಲದ ಹಿಂದೆ ಹೋಗಿದ್ದರೆ ಏನಾಗುತ್ತಿತ್ತು? ಭದ್ರತೆ ಎಂದರೆ ಇದೇ. ಸಾಕ್ಷ್ಯ ತೋರಿದತ್ತ ನಡೆಯುವ ತನಿಖೆಯು ಊರನ್ನೂ ಉಳಿಸುತ್ತದೆ, ನಿರಪರಾಧಿಯನ್ನೂ ಉಳಿಸುತ್ತದೆ.

ನ್ಯಾಯಾಲಯಗಳು ದಾರಿಯನ್ನು ತೋರಿಸಿವೆ. ವಿಚಾರಣೆ ಅತಿಯಾಗಿ ವಿಳಂಬವಾದರೆ ಯುಎಪಿಎ ಆರೋಪಿಗೂ ಜಾಮೀನು ನೀಡಬಹುದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ, ಕೇರಳದ ನಜೀಬ್ ಪ್ರಕರಣದಲ್ಲಿ ಹೇಳಿತು. ಬಂಧನದ ಕಾರಣವನ್ನು ಲಿಖಿತವಾಗಿಯೇ ಕೊಡಬೇಕೆಂದು 2024ರ ಮೇ ತಿಂಗಳಲ್ಲಿ ಹೇಳಿತು. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರ ನೆರವು ಪಡೆಯಲು ಬಿಡಬೇಕು ಎಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಆದರೆ ತೀರ್ಪುಗಳು ಪುಸ್ತಕದಲ್ಲಿದ್ದರೆ ಸಾಲದು. ಇಂತಹ ಪ್ರಕರಣಗಳ ವಿಚಾರಣೆಗೆ ಕಾಲಮಿತಿ ಇರಬೇಕು. ಖುಲಾಸೆಯಾದವರಿಗೆ ಪರಿಹಾರ ಕೊಡುವುದನ್ನು ಕಾನೂನು ಕಡ್ಡಾಯಗೊಳಿಸಬೇಕು. ನಮ್ಮ ಮತ ಕೇಳಲು ಬರುವ ಪ್ರತಿಯೊಬ್ಬರನ್ನೂ, ಅವರು ಯಾವ ಪಕ್ಷದವರೇ ಆಗಿರಲಿ, ನಾವು ಈ ಬಗ್ಗೆ ಪ್ರಶ್ನಿಸಬೇಕು.

ನಮ್ಮ ಹೊಣೆಯೂ ಇದೆ. ತಿಕೋಟಾ, ಬಬಲೇಶ್ವರಗಳಿಂದ ಎಷ್ಟೋ ಯುವಕರು ದುಡಿಮೆಗೆಂದು ಸೊಲ್ಲಾಪುರ, ಪುಣೆ, ಬೆಂಗಳೂರಿಗೆ ಹೋಗುತ್ತಾರೆ. ತಮ್ಮ ಹೆಸರಿನ ಸಿಮ್ ಕಾರ್ಡನ್ನು ಇನ್ನೊಬ್ಬರಿಗೆ ಕೊಡಬಾರದು, ಸತ್ಯಾಸತ್ಯತೆ ತಿಳಿಯದ ಸಂದೇಶವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬಾರದು ಎಂದು ಅವರಿಗೆ ಮನೆಯಲ್ಲಿಯೇ ಹೇಳಿಕೊಡೋಣ. ಪೊಲೀಸರು ವಿಚಾರಣೆಗೆ ಕರೆದರೆ ಓಡುವುದೂ ಬೇಡ, ಬೀದಿಯಲ್ಲಿ ಗುಂಪು ಸೇರುವುದೂ ಬೇಡ. ವಕೀಲರೊಂದಿಗೆ ಹೋಗಿ ಸಹಕರಿಸೋಣ. ವಕೀಲರನ್ನು ನೇಮಿಸಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿಯ ಸಂಖ್ಯೆ 15100. ಪ್ರತಿ ಜಮಾಅತ್ ಈ ಮಾಹಿತಿಯನ್ನು ತನ್ನ ಫಲಕದಲ್ಲಿ ಬರೆದಿಟ್ಟರೆ ಅದು ಹತ್ತು ಭಾಷಣಗಳಿಗಿಂತ ಮಿಗಿಲು.

ಎಲ್ಲಕ್ಕಿಂತ ಮುಖ್ಯವಾಗಿ, ನ್ಯಾಯವನ್ನು ನಮಗಾಗಿ ಮಾತ್ರ ಕೇಳುವುದು ಬೇಡ. ನಮ್ಮವನಿಗಾಗಿ ಕೇಳಿದ ನ್ಯಾಯವನ್ನು ನಮ್ಮ ವಿರೋಧಿಗಾಗಿಯೂ ಕೇಳಿದ ದಿನ ನಮ್ಮ ಮಾತಿಗೆ ತೂಕ ಬರುತ್ತದೆ. ಅಂದು ಅದು ಒಂದು ಸಮುದಾಯದ ದೂರಾಗಿ ಉಳಿಯದೆ, ಈ ದೇಶದ ನಾಗರಿಕರೆಲ್ಲರ ಹಕ್ಕೊತ್ತಾಯವಾಗುತ್ತದೆ.