ಗುಂಡಿ ಒತ್ತಿದ್ದು ಸೇಡಂ ರಸ್ತೆಯಲ್ಲಿ, ಗಂಟೆ ಬಾರಿಸಿದ್ದು ಪುಣೆಯಲ್ಲಿ!

ಹೀಗೊಂದು ಮಧ್ಯಾಹ್ನ ಇಟ್ಟುಕೊಳ್ಳಿ. ಕಮಲಾಪುರದ ಒಬ್ಬ ತಾಯಿ ಮಗಳ ಮನೆಗೆಂದು ಬಸ್ಸು ಹತ್ತಿದ್ದಾಳೆ. ಕೈಯಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟು, ಬಗಲಲ್ಲಿ ಜೋಳದ ರೊಟ್ಟಿ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಊರಿನ ಹೆಸರು ಹೇಳುವ ಅರ್ಧ ಗೊನೆ ಕೆಂಪು ಬಾಳೆ. ಮಹಾಗಾಂವ್ ಕ್ರಾಸ್ ದಾಟಿ, ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಆಟೋದವನ ಜೊತೆ ಹತ್ತು ರೂಪಾಯಿಗೆ ಜಗಳಾಡಿ, ಸೇಡಂ ರಸ್ತೆಯ ಕಡೆಗಿನ ಒಂದು ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ನಿಂತರೆ, ಗೇಟಿನಲ್ಲಿ ಮನುಷ್ಯರಿಲ್ಲ! ಗೋಡೆಗೆ ಒಂದು ಗಾಜಿನ ಫಲಕ. ಅದರಲ್ಲೊಂದು ಕ್ಯಾಮೆರಾ ಕಣ್ಣು, ಕೆಳಗೆ ಅಂಕಿಗಳ ಗುಂಡಿ, ಬರೆದದ್ದೆಲ್ಲ ಇಂಗ್ಲಿಷು. ದಾರಿಹೋಕ ಹುಡುಗನೊಬ್ಬ ಪಾಪ ಅನಿಸಿ ಮಗಳ ಮನೆ ನಂಬರು ಒತ್ತಿಕೊಟ್ಟ.

ಗಂಟೆ ಬಾರಿಸಿತು. ಮೂರನೆಯ ಮಹಡಿಯ ಮಗಳ ಮನೆಯಲ್ಲಲ್ಲ, ಪುಣೆಯಲ್ಲಿ.

'ಯಾರ್ ಬೇಕಾಗ್ಯಾರ್ರಿ ಅವ್ವಾ?' ಎಂದಿತು ಫಲಕದೊಳಗಿನ ಗಂಡಸಿನ ದನಿ.

'ನನ್ನ ಮಗಳು ಇಲ್ಲೇ ಇರ್ತಾಳ್ರಿ. ಕಮಲಾಪುರದಿಂದ ಬಂದೀನಿ.'

'ನಾವು ಆ ಮನಿ ಬಿಟ್ಟು ಎಂಟು ತಿಂಗಳಾಯ್ತ್ರಿ. ನಿಮ್ಮ ಮಗಳ ನಂಬರ್ ನಮ್ಮ ಹತ್ರ ಇಲ್ಲ. ಹೋಗ್ಲಿ, ಪಾಪ ಬಿಸಿಲಾಗ ನಿಂತೀರಿ, ಬಾಗಿಲಾ ನಾನೇ ತಗೀತೀನಿ, ಒಳಗ ಹೋಗ್ರಿ.'

ಕಟಕ್ ಎಂದು ಗೇಟು ತೆರೆಯಿತು. ತಾಯಿ ಒಳಗೆ ಹೋದಳು. ಆ ಮಹಾಶಯ ಒಳ್ಳೆಯವನು, ಬಿಡಿ. ಆದರೆ ಎಂಟು ತಿಂಗಳ ಹಿಂದೆ ಮನೆ ಖಾಲಿ ಮಾಡಿ ಹೋದವನು ಪುಣೆಯಲ್ಲಿ ಕೂತು ಕಲಬುರಗಿಯ ಗೇಟು ತೆರೆಯಬಹುದಾದರೆ, ಆ ಗೇಟಿಗೆ ಬೀಗ ಯಾಕೆ, ಕ್ಯಾಮೆರಾ ಯಾಕೆ, ಮನೆಮನೆಯಿಂದ ವಸೂಲು ಮಾಡಿದ ಆ ಸಾವಿರಾರು ರೂಪಾಯಿ ಯಾಕೆ?

ತಪ್ಪು ಯಂತ್ರದ್ದಲ್ಲ

ಈ ಯಂತ್ರಕ್ಕೆ ವಿಡಿಯೋ ಇಂಟರ್‌ಕಾಮ್ ಎಂದು ಹೆಸರು. ಬೆಂಗಳೂರು, ಹೈದರಾಬಾದುಗಳಲ್ಲಿ ಹಳತಾಗಿ, ಜೇವರ್ಗಿ ರಸ್ತೆ, ಸೇಡಂ ರಸ್ತೆಗಳ ಕಟ್ಟಡಗಳೂ ಇದನ್ನು ಹಾಕಿಸಿಕೊಳ್ಳುವ ಕಾಲ ಇದು. ಬಂದವರು ಮನೆ ನಂಬರು ಒತ್ತಿದರೆ ಮನೆಯೊಳಗಿನ ಪುಟ್ಟ ಪರದೆಯಲ್ಲಿ ಮುಖ ಕಾಣುತ್ತದೆ. ಮಾತಾಡಿ, ಬೇಕಾದವರಾದರೆ ಗುಂಡಿ ಒತ್ತಿ ಗೇಟು ತೆರೆಯುವುದು. ಮನೆಯಲ್ಲಿ ಯಾರೂ ಎತ್ತದಿದ್ದರೆ ಅದೇ ಕರೆ ಇಂಟರ್‌ನೆಟ್ ಹಾದಿಯಲ್ಲಿ ಮನೆಯವರ ಮೊಬೈಲಿಗೆ ಹೋಗುತ್ತದೆ.

ಯಾವ ನಂಬರು ಒತ್ತಿದರೆ ಕರೆ ಮೊದಲು ಎಲ್ಲಿಗೆ ಹೋಗಬೇಕು, ಎಷ್ಟು ಸೆಕೆಂಡು ಕಾಯಬೇಕು, ಆಮೇಲೆ ಯಾರಿಗೆ, ಕಟ್ಟಕಡೆಗೆ ಯಾರಿಗೆ — ಇದೆಲ್ಲ ಒಂದು ಪಟ್ಟಿಯಲ್ಲಿ ಇರುತ್ತದೆ. ಯಂತ್ರಕ್ಕೆ ಗೊತ್ತಿರುವುದು ಆ ಪಟ್ಟಿ ಮಾತ್ರ. ಬಾಡಿಗೆದಾರ ಬದಲಾದದ್ದು, ಗೋಡೆಯ ಪರದೆ ಕೆಟ್ಟದ್ದು, ಫೋನ್ ನಂಬರು ಬದಲಾದದ್ದು ಅದಕ್ಕೆ ಯಾರಾದರೂ ಹೇಳಿದರೇ ಗೊತ್ತು. ಹೇಳುವವರು ಯಾರು? ಕೂಡಿಸಿದ ಕಂಪನಿಯವನು ಬಿಲ್ಲು ತೆಗೆದುಕೊಂಡು ಹೋದ. ಸಂಘದ ಕಾರ್ಯದರ್ಶಿಗೆ ಪಾಸ್‌ವರ್ಡ್ ನೆನಪಿಲ್ಲ. ಮನೆ ಮಾಲಿಕರು ಬಾಡಿಗೆ ಬಂದರೆ ಸಾಕು ಎನ್ನುವವರು. ಹೀಗಾಗಿ ಹಳೆಯ ಪಟ್ಟಿ ಹಾಗೇ ಉಳಿದು, ಹೋದವರ ಫೋನು ಬಾರಿಸುತ್ತದೆ, ಇದ್ದವರ ಫೋನು ಸುಮ್ಮನಿರುತ್ತದೆ.

ಶವಪೆಟ್ಟಿಗೆ ವ್ಯಾಪಾರಿಯ ಸಿಟ್ಟು

ಕರೆ ತಪ್ಪು ಕಡೆ ಹೋದರೆ ಏನಾಗುತ್ತದೆ ಎಂಬುದು ಅಂಗಡಿಕಾರರಿಗೆ ಚೆನ್ನಾಗಿ ಗೊತ್ತು. ಅಮೆರಿಕೆಯ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬ ಒಬ್ಬ ಇದ್ದ. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವ್ಯಾಪಾರ ಅವನದು. ಆಗೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರ್ ಕೈಯಿಂದಲೇ ಲೈನು ಜೋಡಿಸಬೇಕು. ತನಗೆ ಬರಬೇಕಾದ ಗಿರಾಕಿಗಳ ಕರೆಯನ್ನು ಆಪರೇಟರು ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾಳೆ ಎಂದು ಇವನಿಗೆ ಸಂಶಯ ಬಂತೆಂದು ಕಥೆ. ಸಿಟ್ಟಿನಲ್ಲಿ ಕೂತು, ಆಪರೇಟರೇ ಬೇಡದ ಸ್ವಯಂಚಾಲಿತ ಎಕ್ಸ್‌ಚೇಂಜನ್ನೇ ಕಂಡುಹಿಡಿದ. 1891ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು.

ಇಲ್ಲಿ ತಮಾಷೆ ನೋಡಿ. ಮನುಷ್ಯ ಕರೆ ತಪ್ಪಿಸುತ್ತಾನೆಂದು ಯಂತ್ರ ಬಂತು. ಈಗ ಯಂತ್ರ ಕರೆ ತಪ್ಪಿಸಿದರೆ ಕೇಳಲು ಮನುಷ್ಯನೇ ಇಲ್ಲ!

ಸೂಪರ್ ಮಾರ್ಕೆಟಿನ ಕಿರಾಣಿ ಅಂಗಡಿಯ ಹುಡುಗನಿಗೆ ಇದರ ಬಿಸಿ ಹೇಗೆ ತಟ್ಟುತ್ತದೆಂದು ಲೆಕ್ಕ ಹಾಕಿ. ಹತ್ತು ಕಿಲೋ ಅಕ್ಕಿ, ಎರಡು ಕಿಲೋ ತೊಗರಿಬೇಳೆ, ಎಣ್ಣೆ ಡಬ್ಬಿ ಸೈಕಲ್ ಮೋಟಾರಿನ ಮೇಲೆ ಹೇರಿಕೊಂಡು ಬಂದು ನಂಬರು ಒತ್ತಿದರೆ ಅರ್ಧ ನಿಮಿಷ ಬಾರಿಸಿ ಬಂದ್. ಮತ್ತೆ ಒತ್ತಿದರೆ ಮತ್ತೆ ಬಂದ್. ಹತ್ತು ನಿಮಿಷ ಕಾದು ವಾಪಸು ಹೋದರೆ ಸಂಜೆಗೆ ಅಮ್ಮನವರ ಫೋನು ಬರುತ್ತದೆ: 'ನಾ ಮನ್ಯಾಗೇ ಇದ್ದೆ, ನಿಮ್ಮ ಹುಡುಗ ಬರ್ಲೇ ಇಲ್ಲ.' ಬೈಸಿಕೊಳ್ಳುವವನು ಹುಡುಗ, ಗಿರಾಕಿ ಕಳೆದುಕೊಳ್ಳುವವನು ಸಾವಕಾರ. ಫಲಕಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಭಯ ಸುಳ್ಳಲ್ಲ

ಹಾಗೆಂದು ಯಂತ್ರವನ್ನೇ ಕಿತ್ತು ಒಗೆಯಿರಿ ಎಂದರೆ ಅದು ನ್ಯಾಯವಲ್ಲ. ಗೇಟಿನೊಳಗೆ ಇರುವವರಿಗೂ ಭಯವಿದೆ, ಆ ಭಯಕ್ಕೆ ಕಾರಣವೂ ಇದೆ. ಬಂಗಾರ ಪಾಲಿಶ್ ಮಾಡಿಕೊಡುತ್ತೇವೆಂದು ಬಂದು ಸರ ಕರಗಿಸಿಕೊಂಡು ಹೋಗುವವರು, ಗ್ಯಾಸ್ ಪೈಪು ನೋಡುತ್ತೇವೆಂದು ಅಡುಗೆ ಮನೆಗೇ ನುಗ್ಗುವವರು ಊರಿಗೇನು ಹೊಸಬರಲ್ಲ. ಹಗಲು ಹೊತ್ತು ಮುದುಕರೋ, ಒಬ್ಬಂಟಿ ಹೆಣ್ಣುಮಗಳೋ ಇರುವ ಮನೆಗೆ ಮೊದಲು ಮುಖ ನೋಡಿ ಆಮೇಲೆ ಬಾಗಿಲು ತೆಗೆಯುವ ಸೌಕರ್ಯ ಸಣ್ಣದಲ್ಲ.

ಈ ಯಂತ್ರದ ಹುಟ್ಟೇ ಆ ಭಯದಲ್ಲಿ. ನ್ಯೂಯಾರ್ಕಿನ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬಳೇ ಇರಬೇಕಾಗಿ, ಪೊಲೀಸರನ್ನು ಕರೆದರೆ ಬೇಗ ಬಾರದೆ, ಗಂಡನ ಜೊತೆ ಸೇರಿ ಬಾಗಿಲಿಗೆ ಕ್ಯಾಮೆರಾ, ಒಳಗೆ ಟಿವಿ, ಎರಡೂ ಕಡೆ ಮಾತಾಡುವ ಮೈಕು, ದೂರದಿಂದ ಬೀಗ ತೆರೆಯುವ ಗುಂಡಿ ಜೋಡಿಸಿದಳು. 1966ರಲ್ಲಿ ಅರ್ಜಿ ಹಾಕಿ, 1969ರಲ್ಲಿ ಪೇಟೆಂಟು ಪಡೆದಳು. ಅವಳ ಏರ್ಪಾಡಿನಲ್ಲಿ ಬಾಗಿಲಿನ ಮುಖ ನೋಡಿದವಳೇ ಬೀಗ ತೆರೆಯುವವಳು, ಅವಳೇ ಆ ಮನೆಯಲ್ಲಿ ಇರುವವಳು. ಇವತ್ತಿನ ಅಪಾರ್ಟ್‌ಮೆಂಟಿನಲ್ಲಿ ನೋಡುವವನು ಒಂದೂರಲ್ಲಿ, ಇರುವವರು ಇನ್ನೊಂದೂರಲ್ಲಿ. ತೊಡಕು ಅಲ್ಲಿಂದಲೇ ಶುರು.

ಓಣಿಗೆ ಗೊತ್ತಿದ್ದ ವಿದ್ಯೆ

ಕಮಲಾಪುರದ ಓಣಿಯಲ್ಲಿ ಬೀಗ ಬಿದ್ದ ಮನೆ ಮುಂದೆ ನಿಂತು 'ಯಾರ್ ಅದಾರ್ರೀ ಮನ್ಯಾಗ?' ಎಂದು ಕೂಗಿ ನೋಡಿ. ಆ ಮನೆಯಿಂದ ಉತ್ತರ ಬಾರದಿದ್ದರೆ ಬಾಜು ಮನೆಯ ಆಯಿ ತಲೆ ಹೊರಗೆ ಹಾಕುತ್ತಾಳೆ. 'ಹೊಲಕ್ಕ ಹೋಗ್ಯಾರ, ಕೂಡ್ರಿ, ನೀರ್ ಕುಡೀರಿ' ಎನ್ನುತ್ತಾಳೆ. ಅವಳೂ ಇಲ್ಲದಿದ್ದರೆ ಕಟ್ಟೆ ಮೇಲಿನ ಮುತ್ಯಾ ಇದ್ದಾನೆ: ಯಾರು, ಎಲ್ಲಿಯವರು, ಏನಾಗಬೇಕು ಎಂದು ವಿಚಾರಿಸದೆ ಬಿಡುವವನಲ್ಲ. ಬಂದವನು ಕಳ್ಳನಾದರೆ ಅವನ ಎರಡನೇ ಪ್ರಶ್ನೆಗೇ ಬೆವರುತ್ತಾನೆ. ಮೊದಲು ಮನೆ, ಆಮೇಲೆ ನೆರೆ, ಕೊನೆಗೆ ಕಟ್ಟೆ. ಕೂಗಿದ ಕೂಗು ಎಲ್ಲಿಯೂ ಅನಾಥವಾಗಿ ಬೀಳುತ್ತಿರಲಿಲ್ಲ.

ಯಂತ್ರಕ್ಕೂ ಇದನ್ನೇ ಕಲಿಸಬಹುದು. ಮೊದಲು ಮನೆಯ ಪರದೆ. ಇಪ್ಪತ್ತು-ಮೂವತ್ತು ಸೆಕೆಂಡಿಗೆ ಎತ್ತದಿದ್ದರೆ ಮನೆಯವರ ಎರಡು ಮೂರು ಮೊಬೈಲು, ಒಂದಾದ ಮೇಲೊಂದಲ್ಲ, ಒಟ್ಟಿಗೇ. ಅಲ್ಲೂ ಉತ್ತರವಿಲ್ಲದಿದ್ದರೆ ಕಾವಲುಗಾರನ ಕೋಣೆ. ರಾತ್ರಿ ತೊಂದರೆ ಬೇಡವೆಂದು ಮನೆಯ ಗಂಟೆ ಬಂದ್ ಮಾಡಿದವರ ಕರೆ ಕೂಡ ನೇರ ಅಲ್ಲಿಗೇ ಹೋಗಬೇಕು. ಈ ಸೌಲಭ್ಯ ಬಹುತೇಕ ಯಂತ್ರಗಳಲ್ಲಿ ಇದೆ. ಬೇಕಾದದ್ದು ಕೂತು ಪಟ್ಟಿ ಬರೆಯುವ ಒಂದು ಸಂಜೆಯ ಪುರಸೊತ್ತು ಮಾತ್ರ.

ಆದರೆ ಕಾವಲುಗಾರನೇ ಇಲ್ಲವಲ್ಲ! ಯಂತ್ರದ ಖರ್ಚು ಸರಿದೂಗಿಸಲು ಮೊದಲು ತೆಗೆದದ್ದೇ ಅವನ ಸಂಬಳವಾದರೆ ಕರೆಯ ಕೊನೆ ಮೌನದಲ್ಲೇ ಆಗುತ್ತದೆ. ಕಾವಲುಗಾರ ಗೇಟು ಕಾಯುವುದಷ್ಟೇ ಅಲ್ಲ, 108 ಆಂಬ್ಯುಲೆನ್ಸು ಬಂದರೆ ಯಾವ ಲಿಫ್ಟು, ಯಾವ ಮಹಡಿ ಎಂದು ಓಡಿ ತೋರಿಸುವವನು ಅವನೇ. ಎದೆ ಹಿಡಿದುಕೊಂಡು ಬಿದ್ದ ಮುತ್ಯಾ ಎದ್ದು ಬಂದು ಪರದೆಯ ಗುಂಡಿ ಒತ್ತುತ್ತಾನೆಯೇ? ಮೂವತ್ತು ನಲವತ್ತು ಮನೆ ಇರುವ ಕಟ್ಟಡಕ್ಕೆ ಒಬ್ಬನ ಸಂಬಳ ಹಂಚಿಕೊಂಡರೆ ಮನೆಗೆಷ್ಟು ಬೀಳುತ್ತದೆಂದು ಸಂಘದವರೇ ಭಾಗಾಕಾರ ಮಾಡಿ ನೋಡಲಿ.

ಕರೆಂಟು ಹೋದಾಗ

ಇನ್ನು ಬೇಸಿಗೆ. ಏಪ್ರಿಲ್-ಮೇ ತಿಂಗಳ ಕಲಬುರಗಿ ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇಲೆ ಕರೆಂಟಿನ ಕಣ್ಣಾಮುಚ್ಚಾಲೆ ಗೊತ್ತೇ ಇದೆ. ಗೇಟಿನ ಫಲಕಕ್ಕೆ ಬ್ಯಾಟರಿ ಇರುತ್ತದೆ, ಸರಿ. ಆದರೆ ಕರೆಯನ್ನು ಮೊಬೈಲಿಗೆ ಸಾಗಿಸುವ ಇಂಟರ್‌ನೆಟ್ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ? ಫಲಕದಲ್ಲಿ ದೀಪ ಉರಿಯುತ್ತದೆ, ಬಂದವರು ಗುಂಡಿ ಒತ್ತುತ್ತಾರೆ, ಕರೆ ಮಾತ್ರ ಗೇಟು ದಾಟುವುದಿಲ್ಲ. ಕೆಲವು ಮೊಬೈಲುಗಳಂತೂ ಬ್ಯಾಟರಿ ಉಳಿಸುವ ನೆಪದಲ್ಲಿ ಆ ಆ್ಯಪನ್ನೇ ಮಲಗಿಸಿಬಿಡುತ್ತವೆ. ಆದ್ದರಿಂದ ಇಂಟರ್‌ನೆಟ್ಟಿನ ಕರೆ ಸೋತರೆ ಮಾಮೂಲಿ ಫೋನ್ ಕರೆ ಹೋಗುವ ಇನ್ನೊಂದು ದಾರಿ ಇರಲೇಬೇಕು.

ಬೀಗದ ಮಾತೂ ಹಾಗೆಯೇ. ಅಯಸ್ಕಾಂತದ ಬೀಗ ಕರೆಂಟು ಹೋದರೆ ಬಿಟ್ಟುಕೊಳ್ಳುತ್ತದೆ. ಬೇರೆ ಕೆಲವು ಬೀಗಗಳು ಕರೆಂಟು ಹೋದರೆ ಹಿಡಿದುಕೊಂಡೇ ಇರುತ್ತವೆ. ತಮ್ಮ ಗೇಟಿಗೆ ಯಾವುದಿದೆ, ಬೆಂಕಿ ಬಿದ್ದರೆ ಒಳಗಿನವರು ಕೈಯಿಂದಲೇ ತೆರೆದು ಹೊರಗೆ ಓಡಬಹುದೇ ಎಂಬುದನ್ನು ಪ್ರತಿ ಮನೆಯವರೂ ಇವತ್ತೇ ಕೇಳಿ ತಿಳಿಯತಕ್ಕದ್ದು.

ಫಲಕ ಕೂಡಿಸುವ ಜಾಗವೂ ನೋಡಬೇಕು. ಬಂದವನ ಬೆನ್ನಿಗೆ ಸಂಜೆಯ ಬಿಸಿಲು ಬಿದ್ದರೆ ಪರದೆಯಲ್ಲಿ ಕಾಣುವುದು ಕಪ್ಪು ನೆರಳು. ಅತ್ತೆಯೋ ಕಳ್ಳನೋ ಗುರುತೇ ಸಿಗದು. ಮೇಲೊಂದು ತಗಡಿನ ನೆರಳು, ಮುಖಕ್ಕೊಂದು ದೀಪ ಹಾಕಿದರೆ ಮುಗಿಯಿತು. ಜೊತೆಗೆ ದೊಡ್ಡ ಅಕ್ಷರದ ಕನ್ನಡ ಬೋರ್ಡು, ಊರಿನ ಮಂದಿಗೆ ಅನುಕೂಲವಾಗಲು ಉರ್ದುವಿನಲ್ಲೂ ಒಂದು ಸಾಲು: 'ಮನೆ ನಂಬರು ಒತ್ತಿ, ಆಮೇಲೆ ಗಂಟೆ ಗುರುತು ಒತ್ತಿ. ಗೊತ್ತಾಗದಿದ್ದರೆ ಈ ಕೆಂಪು ಗುಂಡಿ ಒತ್ತಿ, ಕಾವಲುಗಾರ ಬರುತ್ತಾನೆ.' ಇಷ್ಟು ಬರೆಸಲು ಪೇಂಟರನಿಗೆ ಎಷ್ಟು ಕೊಡಬೇಕಾದೀತು?

ಹೊಣೆ ಯಾರದು?

ಗೇಟಿನ ಫಲಕ ಯಾವ ಒಬ್ಬರ ಮನೆಯದೂ ಅಲ್ಲ, ಎಲ್ಲರದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಇಂಥ ಸಾಮೂಹಿಕ ಸವಲತ್ತುಗಳನ್ನು ನೋಡಿಕೊಳ್ಳುವುದು ಮಾಲಿಕರ ಸಂಘದ ಕೆಲಸ. ಆದ್ದರಿಂದ ಪಟ್ಟಿಗೆ ಒಬ್ಬರು ಹೊಣೆಗಾರರು ಇರಲಿ. ಬಾಡಿಗೆದಾರ ಕೀಲಿಕೈ ಒಪ್ಪಿಸಿದ ದಿನವೇ ಅವನ ಮೊಬೈಲು ಪಟ್ಟಿಯಿಂದ ಹೋಗಬೇಕು. ಹೋಗುವವರೆಗೆ ಡಿಪಾಜಿಟ್ ಹಣ ವಾಪಸಿಲ್ಲ ಎಂದು ಕರಾರಿನಲ್ಲೇ ಬರೆದರೆ ಎರಡೂ ಕಡೆಯವರಿಗೆ ನೆನಪಿರುತ್ತದೆ. ದೂರದ ಊರಿನಲ್ಲಿರುವ ಮಗನಿಗೆ ತಂದೆ-ತಾಯಿಯ ಗೇಟಿನ ಕರೆ ಕೇಳಿಸಲಿ, ಮಾತಾಡಲಿ. ಬೀಗ ತೆರೆಯುವ ಅಧಿಕಾರ ಮಾತ್ರ ಯಾರ ಯಾರ ಕೈಯಲ್ಲಿದೆ ಎಂಬುದನ್ನು ಆ ಮನೆಯವರು ಕೂತು ತೀರ್ಮಾನಿಸಲಿ.

ಇನ್ನೊಂದು ಮಾತು. ಬಂದವರೆಲ್ಲರ ಮುಖ ಆ ಯಂತ್ರದಲ್ಲಿ ಫೋಟೋ ಆಗಿ ಉಳಿಯುತ್ತದೆ. ಹಾಲಿನವನು, ಪೇಪರ್ ಹುಡುಗ, ಪಾತ್ರೆ ತೊಳೆಯುವ ಅಕ್ಕ, ಕಮಲಾಪುರದ ತಾಯಿ, ಎಲ್ಲರದೂ. ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ? 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಇಂಗಿತ ಸ್ಪಷ್ಟವಿದೆ: ಯಾಕೆ ತೆಗೆದುಕೊಳ್ಳುತ್ತೀರೆಂದು ತಿಳಿಸಿ, ಕೆಲಸ ಮುಗಿದ ಮೇಲೆ ಅಳಿಸಿ. ಗೇಟಿಗೊಂದು ಸೂಚನೆ ಹಚ್ಚಿ, ಇಷ್ಟು ದಿನಕ್ಕೆ ಅಳಿಸುತ್ತೇವೆಂದು ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಕಲಬುರಗಿಯ ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು ದೊಡ್ಡ ಸಭೆ ಕರೆಯುವುದೇನೂ ಬೇಡ. ಇವತ್ತು ಸಂಜೆ ಚಹಾ ಕುಡಿದ ಮೇಲೆ ಕೆಳಗಿಳಿದು, ಗೇಟಿನ ಹೊರಗೆ ನಿಂತು, ಒಂದೊಂದೇ ಮನೆಯ ನಂಬರು ಒತ್ತಿ ಯಾರು ಎತ್ತುತ್ತಾರೆಂದು ಕಾಗದದ ಮೇಲೆ ಬರೆದುಕೊಳ್ಳಲಿ. ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು. ಪುಣೆಯಿಂದಲೋ ಹೈದರಾಬಾದಿನಿಂದಲೋ 'ಹಲೋ, ಯಾರ್ರೀ?' ಎಂದು ಉತ್ತರ ಬಂದರೆ, ಗಾಬರಿಯಾಗದೆ ಹಳೆಯ ಬಾಡಿಗೆದಾರನ ಕ್ಷೇಮ ವಿಚಾರಿಸಿ, ಅವನ ಹೆಸರು ಹೊಡೆದುಹಾಕಲಿ. ಮುಂದಿನ ಸಲ ಕಮಲಾಪುರದ ತಾಯಿ ಬಂದಾಗ ಅವಳ ಮಗಳೇ ಎತ್ತಲಿ.